ದುಬಲಗುಂಡಿಯ ಅರವತ್ತು ಅರ್ಜಿ

ಮೇ ತಿಂಗಳ ಮೊದಲ ವಾರ ನಮ್ಮ ಮಾಲೀಕರು ನನ್ನ ಮೇಜಿನ ಹತ್ತಿರ ಬಂದು ನಿಂತು, "ಮೇಡಂ, ಶನಿವಾರದೊಳಗ ಯಾವ ಟೂಲ್ ಅಂತ ಫೈನಲ್ ಮಾಡಿಬಿಡ್ರಿ. ರೋಹಿಣಿ ಮಳಿ ನಮ್ಮ ಸಲುವಾಗಿ ನಿಂದರೂದಿಲ್ಲ," ಎಂದರು. ಮಳೆಗೂ ಸಾಫ್ಟ್‌ವೇರಿಗೂ ಎಲ್ಲಿಯ ಸಂಬಂಧ ಎಂದು ಬೇರೆ ಊರಿನ ಕಂಪನಿಯವರು ನಕ್ಕಾರು. ನಮಗೆ ಸಂಬಂಧವಿತ್ತು.

ಹುಮನಾಬಾದಿನ ಕುರಿ ಸಾಕುವವರ ಸಂಘವೊಂದಕ್ಕೆ ನಾವು ಲಸಿಕೆ ನೋಂದಣಿಯ ವ್ಯವಸ್ಥೆ ಮಾಡಿಕೊಡುತ್ತಿದ್ದೆವು. ಹಳ್ಳಿಯ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೆಸರು, ಓಣಿ, ಫೋನ್ ನಂಬರ್, ಕುರಿಗಳ ಸಂಖ್ಯೆ ಕೇಳಿ ಆ್ಯಪಿನಲ್ಲಿ ತುಂಬುತ್ತಾಳೆ. ಅದು ಸರ್ವರಿಗೆ ಹೋಗಿ ಪಟ್ಟಿಯಾಗುತ್ತದೆ. ಸಂಘದ ಲಸಿಕೆದಾರ ಪಟ್ಟಿಯಲ್ಲಿ ಎಷ್ಟು ಕುರಿಯೋ ಅಷ್ಟಕ್ಕೇ ಸಾಲುವ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹಳ್ಳಿಗೆ ಹೋಗುತ್ತಾನೆ. ಕರುಳುಬೇನೆಯ ಲಸಿಕೆ ಅದು. ಮೊದಲ ಮಳೆಗೆ ಚಿಗುರುವ ಎಳೆ ಹುಲ್ಲನ್ನು ಕುರಿಗಳು ಗಬಗಬ ತಿಂದಾಗ ಬರುವ ರೋಗ. ಸಂಜೆ ನೆಟ್ಟಗೆ ನಡೆದು ಬಂದ ಕುರಿ ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಮೈತುಂಬಿಕೊಂಡು ಚೆನ್ನಾಗಿರುವ ಮರಿಗಳೇ ಮೊದಲು ಹೋಗುತ್ತವೆ. ಲಸಿಕೆ ಹಾಕಿದ ಮೇಲೂ ಮೈಗೆ ಹತ್ತಲು ಹತ್ತು ಹದಿನೈದು ದಿನ ಬೇಕು. ಆದ್ದರಿಂದ ಪಟ್ಟಿ ಮೇ ತಿಂಗಳಲ್ಲೇ ಸಿದ್ಧವಾಗಬೇಕಿತ್ತು, ಮತ್ತು ಅದು ಸರಿಯಾಗಿರಬೇಕಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರ ಕುರಿಗೆ ಪೆಟ್ಟಿಗೆಯಲ್ಲಿ ಲಸಿಕೆ ಇರುವುದಿಲ್ಲ.

ಫೋನಿನ ಆ್ಯಪ್ ಸರ್ವರಿನೊಡನೆ ಮಾತಾಡುವ ಜಾಗಕ್ಕೆ ಎಪಿಐ ಎನ್ನುತ್ತಾರೆ. ಬ್ಯಾಂಕಿನ ಕೌಂಟರ್ ಇದ್ದ ಹಾಗೆ. ಇತ್ತ ಕಡೆಯಿಂದ ಚೀಟಿ ಕೊಟ್ಟರೆ ಅತ್ತ ಕಡೆಯಿಂದ ಉತ್ತರ ಬರುತ್ತದೆ. ಸರಿಯಾದ ಚೀಟಿಗೆ ಸರಿಯಾದ ಉತ್ತರ ಬರುತ್ತದೆಯೇ, ತಪ್ಪು ಚೀಟಿಯನ್ನು ಒಳಗಿನವರು ವಾಪಸು ಎಸೆಯುತ್ತಾರೆಯೇ ಎಂದು ನೋಡುವುದು ನನ್ನ ಕೆಲಸ. ಸಾವಿರ ಸಲ ಕೈಯಿಂದ ಚೀಟಿ ಕೊಟ್ಟು ನೋಡಲಾಗುವುದಿಲ್ಲ, ಅದಕ್ಕೆ ಟೂಲ್ ಬೇಕು.

ಬಸವಕಲ್ಯಾಣದಲ್ಲಿ ಟೈರ್ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಆಫೀಸು. ಮಾಲೀಕರು, ಡೆವಲಪರ್ ಮತ್ತು ನಾನು, ಮೂರೇ ಜನ. ಡೆವಲಪರ್ ನನಗಿಂತ ಹತ್ತು ವರ್ಷ ದೊಡ್ಡವರು. ದಿನಾ ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಜಗಳ ಬಂದಾಗ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ರೀ ಹಚ್ಚಿಕೊಳ್ಳುತ್ತೇವೆ.

ನಮ್ಮ ಮುಂದೆ ಎರಡು ಟೂಲ್ ಇದ್ದವು. ಒಂದು ದೊಡ್ಡದು, ಎಲ್ಲರೂ ಬಳಸುವಂಥದ್ದು. ಖಾತೆ ತೆರೆಯಬೇಕು, ಲಾಗಿನ್ ಆಗಬೇಕು, ಬರೆದದ್ದೆಲ್ಲ ಇಂಟರ್‌ನೆಟ್ಟಿನಲ್ಲಿ ಎಲ್ಲೋ ದೂರ ಉಳಿಯುತ್ತದೆ. ಇನ್ನೊಂದು ಸಣ್ಣದು. ಪ್ರತಿ ಟೆಸ್ಟೂ ಒಂದು ಸಾದಾ ಫೈಲು, ನಮ್ಮ ಕಂಪ್ಯೂಟರಿನ ಫೋಲ್ಡರಿನಲ್ಲೇ ಇರುತ್ತದೆ. ನೆಟ್ ಇಲ್ಲದಿದ್ದರೂ ನಮ್ಮದೇ ಕಂಪ್ಯೂಟರಿನಲ್ಲಿ ಎಬ್ಬಿಸಿದ ಸರ್ವರಿನ ಮೇಲೆ ಓಡುತ್ತದೆ. ಅಣ್ಣ ಮೊದಲ ದಿನವೇ ಎರಡಕ್ಕೂ ಹೆಸರಿಟ್ಟರು: ದೊಡ್ಡದು ಸಾಹುಕಾರ, ಸಣ್ಣದು ಹಮಾಲ.

ನಾನು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡು ಅಂಕಣ ಮಾಡಿದೆ. ಹನ್ನೆರಡು ಟೆಸ್ಟ್ ಆರಿಸಿಕೊಂಡು ಅವನ್ನೇ ಎರಡರಲ್ಲೂ ಬರೆಯುವುದು, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂದು ಗುರುತು ಹಾಕುವುದು. ಮೊದಲು ಲಾಗಿನ್, ಅದರಿಂದ ಬರುವ ಟೋಕನ್ ಎಂಬ ಉದ್ದನೆಯ ಗುರುತಿನ ಚೀಟಿ, ಆಮೇಲೆ ಪ್ರತಿ ಕೋರಿಕೆಯ ಜೊತೆಗೂ ಆ ಟೋಕನ್ ಕಳಿಸುವುದು. ಸಾಹುಕಾರನಲ್ಲಿ ಎರಡು ಸಾಲು ಬರೆದರೆ ಟೋಕನ್ ತಾನೇ ಎತ್ತಿಕೊಂಡು ಹೋಗುತ್ತದೆ. ಹಮಾಲನಲ್ಲಿ ಅದನ್ನು ಎಲ್ಲಿ ಇಡಬೇಕು, ಹೇಗೆ ಕರೆಯಬೇಕು ಎಂದು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು. ಟೋಕನ್ನಿಗೆ ಹದಿನೈದು ನಿಮಿಷ ಆಯುಷ್ಯ. ನಾನು ತಿಣುಕಾಡಿ ಮುಗಿಸುವಷ್ಟರಲ್ಲಿ ಅದು ಸತ್ತಿರುತ್ತಿತ್ತು, ಪ್ರತಿ ಉತ್ತರಕ್ಕೂ 401 ಎಂದು ಬರುತ್ತಿತ್ತು. ಗುರುತು ಸಿಗಲಿಲ್ಲ, ಹೊರಗೆ ನಡೆ ಎಂದು ಅದರ ಅರ್ಥ.

ಸಾಹುಕಾರನೂ ಸುಖ ಕೊಡಲಿಲ್ಲ. ನಾವು ಇಬ್ಬರೂ ಒಂದೇ ಖಾತೆಯಲ್ಲಿ ಕೂತು ಬರೆಯುತ್ತಿದ್ದೆವು. ಮಂಗಳವಾರ ಮಧ್ಯಾಹ್ನ ನೆಟ್ ಹೋಗಿ ಬಂದದ್ದೇ ತಡ, ಅಣ್ಣ ಬೆಳಿಗ್ಗೆಯಿಂದ ತಿದ್ದಿದ್ದೆಲ್ಲ ಮಾಯವಾಗಿ ನನ್ನ ಹಳೆಯ ಪ್ರತಿ ಮೇಲೆ ಬಂದು ಕೂತಿತು. ಅಣ್ಣ ಎದ್ದು ಹೊರಗೆ ಹೋಗಿ ಎರಡು ಕಪ್ ಚಹಾ ಕುಡಿದು ಬಂದರು. ಬಂದವರು, "ಏನ್ರಿ ಮೇಡಂ, ಸಾಹುಕಾರ ನನ್ನ ಕೂಲಿ ನುಂಗಿದ ನೋಡ್ರಿ," ಎಂದರು. ರೀ ಹಚ್ಚಿದ್ದರಿಂದ ಎಷ್ಟು ಸಿಟ್ಟು ಎಂದು ಗೊತ್ತಾಯಿತು.

ಬುಧವಾರ ಹುಮನಾಬಾದಿಗೆ ಹೋಗಿ ಸಂಘದ ಕಾರ್ಯದರ್ಶಿಯ ಮುಂದೆ ಎರಡನ್ನೂ ತೋರಿಸಿದೆವು. ಅವರ ಕೋಣೆಯಲ್ಲಿ ನೆಟ್‌ವರ್ಕ್ ಬರಬೇಕಾದರೆ ಕಿಟಕಿಯ ಸರಳಿಗೆ ಫೋನ್ ಒರಗಿಸಿಡಬೇಕು. ಸಾಹುಕಾರ ಲಾಗಿನ್ ಪುಟದಲ್ಲೇ ಗರಗರ ತಿರುಗುತ್ತ ನಿಂತ. ಹಮಾಲ ಲ್ಯಾಪ್‌ಟಾಪಿನಲ್ಲೇ ಇದ್ದ ಸರ್ವರಿನ ಮೇಲೆ ಏಳು ಸೆಕೆಂಡಿನಲ್ಲಿ ಹನ್ನೆರಡೂ ಟೆಸ್ಟ್ ಓಡಿಸಿ ಕೈ ಕಟ್ಟಿ ನಿಂತ. ಆದರೆ ಅವನು ಕೊಟ್ಟ ವರದಿ ಕಪ್ಪು ಪರದೆಯ ಮೇಲಿನ ಸಣ್ಣ ಅಕ್ಷರದ ಸಾಲುಗಳು. ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿ, "ಇದೇನ್ರಿ ಮೇಡಂ, ಇರುವಿ ಸಾಲು ಹಚ್ಚೀರಿ? ನಾ ಇದನ್ನ ಕಮಿಟಿಯವ್ರಿಗಿ ಹ್ಯಾಂಗ ತೋರ್ಸಲಿ? ಬಣ್ಣದ್ದು, ಗೋಲ ಚಿತ್ರದ್ದು ಇಲ್ಲೇನು?" ಎಂದು ಕೇಳಿದರು. ಬಣ್ಣದ ಗೋಲ ಚಿತ್ರ ಸಾಹುಕಾರನಲ್ಲಿತ್ತು. ಹಿಂದಿರುಗುವ ಬಸ್ಸಿನಲ್ಲಿ ಮಾಲೀಕರು ಒಂದೇ ಮಾತು ಹೇಳಿದರು: "ವರದಿ ಚಂದ ಇರಬೇಕು ಮೇಡಂ."

ಇಲ್ಲಿಯವರೆಗೂ ಆಟ ಸರಿಸಮವಾಗಿತ್ತು. ಗುರುವಾರ ಅಣ್ಣ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ದುಬಲಗುಂಡಿಯ ಅರವತ್ತು ಅರ್ಜಿಗಳಿದ್ದವು. ಆ್ಯಪ್ ಕೈಗೆ ಸಿಗುವ ಮೊದಲು ಕಾರ್ಯಕರ್ತೆ ಕಾಗದದ ಮೇಲೆ ಬರೆದುಕೊಂಡು ಬಂದಿದ್ದು. ಅಣ್ಣ ಅವನ್ನು ಎರಡು ರಾತ್ರಿ ಮನೆಯಲ್ಲಿ ಕೂತು ಸಾಲುಸಾಲಾಗಿ ಟೈಪ್ ಮಾಡಿ ಹಮಾಲನ ಫೋಲ್ಡರಿಗೆ ಹಾಕಿದ್ದರು. ನಾನು ಟೆಸ್ಟಿಗೆ ನನ್ನ ತಲೆಯಿಂದಲೇ ಹೆಸರು ಹುಟ್ಟಿಸುತ್ತಿದ್ದೆ: ಕುರಿಗಾರ ಒಂದು, ಕುರಿಗಾರ ಎರಡು. ಅಣ್ಣನಿಗೆ ಅದು ಸರಿ ಬಂದಿರಲಿಲ್ಲ. "ಹುಟ್ಟಿದ ಮನುಷ್ಯಾರನ್ನ ಹಾಕಿ ನೋಡಮು ತಂಗಿ," ಎಂದರು.

ಅವರ ಟೆಸ್ಟ್ ಸರಳವಾಗಿತ್ತು. ಅರವತ್ತು ಜನರನ್ನೂ ಒಬ್ಬೊಬ್ಬರಾಗಿ ನೋಂದಾಯಿಸುವುದು. ಮುಗಿದ ಮೇಲೆ ಪ್ರತಿಯೊಬ್ಬರ ಫೋನ್ ನಂಬರಿನಿಂದ ಹುಡುಕುವುದು. ಸಿಕ್ಕ ಹೆಸರೂ ಬರೆಸಿದ ಹೆಸರೂ ಒಂದೇ ಆಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಓಡಿಸಿದರೆ ಇಪ್ಪತ್ಮೂರು ಹಸಿರು, ಮೂವತ್ತೇಳು ಕೆಂಪು.

ನಾನು ಫೈಲು ತೆರೆದು ನೋಡಿದೆ. ಅರವತ್ತು ಅರ್ಜಿಗಳಲ್ಲಿ ಬೇರೆ ಬೇರೆ ನಂಬರು ಇದ್ದದ್ದೇ ಇಪ್ಪತ್ಮೂರು. ಒಂದೊಂದು ನಂಬರ್ ಮೂರು ಸಲ, ಐದು ಸಲ ಬಂದಿತ್ತು. ನಮ್ಮ ವ್ಯವಸ್ಥೆಯಲ್ಲಿ ಫೋನ್ ನಂಬರೇ ಮನುಷ್ಯನ ಗುರುತು. ಅದೇ ನಂಬರಿನಿಂದ ಇನ್ನೊಂದು ಅರ್ಜಿ ಬಂದರೆ, ಹಳಬರೇ ಮತ್ತೆ ಬಂದರು ಎಂದು ತಿಳಿದು ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುತ್ತಿತ್ತು. ಕೊನೆಗೆ ಬರೆಸಿದವರು ಉಳಿಯುತ್ತಿದ್ದರು, ಮೊದಲು ಬರೆಸಿದವರು ಹೋಗುತ್ತಿದ್ದರು.

"ಅಣ್ಣ, ಡೇಟಾ ಗಲತ್ ಅದ. ನಂಬರ್ ತಿರುಗಿ ತಿರುಗಿ ಬರಾಕತ್ಯಾವ," ಎಂದೆ.

"ಗಲತ್ ಇಲ್ಲ ತಂಗಿ. ಫಾರ್ಮ್ ನಾನೇ ನೋಡೇನಿ. ಓಣಿಗಿ ಒಂದು ನಂಬರ್ ಕೊಡ್ತಾರ ಅವ್ರು. ಯಾರ ಫೋನ್ ಹತ್ತತದ, ಅವ್ರದು."

"ನಂಬರ್ ಮ್ಯಾಲ ಗುರುತು ಇಟ್ಟವ್ರು ನೀವೇ ಅಲ್ಲೇನು?"

"ಹೌದು, ನಾನೇ. ಒಬ್ಬನೇ ಎರಡು ಸಲ ಬರ್ಸಿದ್ರ ಎರಡು ಸಲ ಬಾಟ್ಲಿ ಹೋಗಬಾರ್ದು ಅಂತ ಸಂಘದವ್ರು ಅಂದಿದ್ರು, ಇಟ್ಟೆ. ಈಗ ತೆಗಿಬೇಕು ಅನ್ನಾಕತ್ತೇನಿ. ಹೆಸರು, ಓಣಿ, ನಂಬರ್ ಮೂರೂ ಕೂಡಿಸಿ ಗುರುತು ಮಾಡಮು."

"ಎಷ್ಟು ದಿನ ಹಿಡಿತದ?"

"ಮೂರು ದಿನ. ಇಲ್ಲಾ ನಾಕು. ಆ್ಯಪಿನಾಗೂ ಬದಲಾಗಬೇಕು."

ಶನಿವಾರಕ್ಕೆ ಇನ್ನೆರಡೇ ದಿನವಿತ್ತು. ಮೂವತ್ತೇಳು ಕೆಂಪು ಸಾಲು ತೋರಿಸಿ ಮಾಲೀಕರ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ನಾನು ಎಲ್ಲೋ ಓದಿದ್ದ ಒಂದು ನಿಯಮ ನನ್ನ ತಲೆಗೆ ಏರಿತ್ತು. ಟೆಸ್ಟಿನ ಡೇಟಾ ಸ್ವಚ್ಛವಾಗಿರಬೇಕು, ಒಂದು ನಂಬರ್ ಎರಡು ಸಲ ಬರಬಾರದು. ದೊಡ್ಡ ಊರುಗಳಲ್ಲಿ ಹೀಗೆಯೇ ಮಾಡುತ್ತಾರೆ. ನಾನೂ ಹಾಗೆ ಮಾಡುವವಳು ಎಂದು ತೋರಿಸಿಕೊಳ್ಳುವ ಹಂಬಲ ನನಗಿತ್ತು.

"ಇದು ಟೆಸ್ಟಿನ ಮಾತಲ್ಲ ಅಣ್ಣ, ಫಾರ್ಮ್ ತುಂಬಿದವ್ರ ತಪ್ಪು. ಅದನ್ನ ಸಂಘದವ್ರು ನೋಡಿಕೊಳ್ಲಿ," ಎಂದು ಹೇಳಿ, ಕೆಂಪಾದ ಮೂವತ್ತೇಳು ಸಾಲುಗಳನ್ನೂ ಆರಿಸಿ ಅಳಿಸಿದೆ. ಮತ್ತೆ ಓಡಿಸಿದೆ. ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಹಸಿರು.

ಅಣ್ಣ ಪರದೆಯನ್ನು ನೋಡಿ, ನನ್ನನ್ನು ನೋಡಿ, "ನಿಮ್ಮ ಮರ್ಜಿರಿ," ಎಂದು ತಮ್ಮ ಕುರ್ಚಿಗೆ ಹೋದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನ್ನ ತವರು ರಾಜೇಶ್ವರ. ನಾನು ಕಾಲೇಜು ಮುಗಿಸುವವರೆಗೂ ನಮ್ಮ ಮನೆಯ ರೇಷನ್ ಕಾರ್ಡಿಗೆ, ಗ್ಯಾಸಿಗೆ, ನನ್ನ ಸ್ಕಾಲರ್‌ಶಿಪ್ಪಿಗೆ, ಅಪ್ಪನ ಹೊಲದ ಕಾಗದಕ್ಕೆ ಎಲ್ಲದಕ್ಕೂ ಕೊಟ್ಟಿದ್ದು ಪಕ್ಕದ ಮನೆಯ ಹಿಟ್ಟಿನ ಗಿರಣಿಯವರ ನಂಬರ್. ನಮ್ಮ ಮನೆಯೊಂದೇ ಅಲ್ಲ, ಆ ಸಾಲಿನ ಏಳು ಮನೆಯವರದೂ ಅದೇ. ಮೆಸೇಜ್ ಬಂದರೆ ಗಿರಣಿಯವರು ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದರು. ಅದರಲ್ಲಿ ನಮಗೆ ಕೊರತೆಯೇನೂ ಕಾಣುತ್ತಿರಲಿಲ್ಲ. ನಂಬರ್ ಎಂದರೆ ಬಾವಿಯ ಹಾಗೆ, ಓಣಿಗೊಂದು ಇದ್ದರೆ ಸಾಕು ಎಂದೇ ತಿಳಿದಿದ್ದೆವು. ಇಷ್ಟೆಲ್ಲ ಗೊತ್ತಿದ್ದವಳು ನಾನು. ಆ ಮೂವತ್ತೇಳು ಸಾಲು ಅಳಿಸುವಾಗ ಗಿರಣಿಯವರ ನೆನಪು ಬರಲಿಲ್ಲವೇ ಎಂದು ಕೇಳಿದರೆ, ಬಂತು. ಬಂದದ್ದನ್ನು ಪಕ್ಕಕ್ಕೆ ಸರಿಸಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಶನಿವಾರ ಸಾಹುಕಾರನನ್ನು ಆರಿಸಿದೆ. ನೋಟ್‌ಬುಕ್ಕಿನ ಎರಡೂ ಅಂಕಣ ಕೂಡಿಸಿದರೆ ಹಮಾಲನಿಗೆ ಒಂದು ಅಂಕ ಹೆಚ್ಚು ಬಂದಿತ್ತು. ವರದಿಯ ಸಾಲಿಗೆ ಎರಡು ಪಟ್ಟು ತೂಕ ಕೊಟ್ಟು ಸಾಹುಕಾರನನ್ನು ಗೆಲ್ಲಿಸಿದೆ. ಅವನಲ್ಲಿ ಇನ್ನೊಂದು ಅನುಕೂಲವಿತ್ತು. ಫೋನ್ ನಂಬರ್ ಬೇಕು ಎಂದು ಬರೆದರೆ ಪ್ರತಿ ಸಲವೂ ಹೊಸ ನಂಬರನ್ನು ತಾನೇ ಹುಟ್ಟಿಸಿ ಕೊಡುತ್ತಿದ್ದ. ಒಂದರಂತೆ ಇನ್ನೊಂದಿಲ್ಲ. ಮುಂದಿನ ನಾಲ್ಕು ದಿನಗಳಲ್ಲಿ ನೂರ ಹದಿನೆಂಟು ಟೆಸ್ಟ್ ಬರೆದೆ. ಹೆಸರಿಲ್ಲದ ಅರ್ಜಿ, ಒಂಬತ್ತೇ ಅಂಕಿಯ ನಂಬರ್, ಕುರಿಯ ಸಂಖ್ಯೆಯ ಜಾಗದಲ್ಲಿ ಅಕ್ಷರ, ಸತ್ತ ಟೋಕನ್, ಒಂದೇ ಸಲ ಐವತ್ತು ಜನ ಒತ್ತಿದರೆ ಏನು, ಎಲ್ಲವನ್ನೂ ನೋಡಿದೆ. ನೂರ ಹದಿನೆಂಟೂ ಹಸಿರು. ಓಣಿಗೆ ಒಂದೇ ನಂಬರ್ ಇರುವ ಊರು ಆ ನೂರ ಹದಿನೆಂಟರಲ್ಲಿ ಇರಲಿಲ್ಲ.

ವರದಿಯನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ, ಸ್ಪೈರಲ್ ಮಾಡಿಸಿ ಹುಮನಾಬಾದಿಗೆ ಒಯ್ದೆವು. ಕಾರ್ಯದರ್ಶಿ ಪುಟ ತಿರುವಿ ಹಸಿರು ಗೋಲವನ್ನು ಬೆರಳಿನಿಂದ ಸವರಿ, "ಈಗ ನೋಡ್ರಿ, ಇದಕ್ಕ ಅಂತಾರ ಕೆಲಸ," ಎಂದರು. ಮಾಲೀಕರು ನನ್ನ ಕಡೆ ನೋಡಿ ತಲೆಯಾಡಿಸಿದರು. ಆ ಹೊತ್ತಿನಲ್ಲಿ ನನಗೆ ಬಹಳ ಸಂತೋಷವಾಯಿತು.

ಮೇ ಮೂರನೆಯ ವಾರ ದುಬಲಗುಂಡಿಯಲ್ಲಿ ಲಸಿಕೆಯ ಮೊದಲ ಸುತ್ತು. ಅಷ್ಟರಲ್ಲಿ ಕಾರ್ಯಕರ್ತೆ ಆ ಅರವತ್ತು ಅರ್ಜಿಗಳನ್ನೂ ಆ್ಯಪಿನಲ್ಲಿ ತುಂಬಿ ಮುಗಿಸಿದ್ದಳು. ಮೊದಲ ದಿನವಾದ್ದರಿಂದ ನಮ್ಮ ಕಡೆಯವರು ಯಾರಾದರೂ ಇರಲಿ ಎಂದು ಸಂಘದವರು ಕೇಳಿದ್ದರು, ನಾನು ಹೋದೆ. ಲಸಿಕೆದಾರ ಬೇವಿನ ಗಿಡದ ಕೆಳಗೆ ಐಸ್ ಪೆಟ್ಟಿಗೆ ಇಟ್ಟುಕೊಂಡು, ಫೋನಿನಲ್ಲಿ ಪಟ್ಟಿ ತೆರೆದು ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದ. ಕುರಿಗಳ ಬ್ಯಾ ಬ್ಯಾ, ಧೂಳು, ಜನರ ಗದ್ದಲ. ಒಂಬತ್ತು ಗಂಟೆಗೆಲ್ಲ ಗದ್ದಲದ ಬಣ್ಣ ಬದಲಾಯಿತು. ಕುರಿ ಹೊಡೆದುಕೊಂಡು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೆಸರು ಪಟ್ಟಿಯಲ್ಲಿರಲಿಲ್ಲ. ಹೆಸರಿದ್ದ ಕೆಲವರು ಇನ್ನೂ ಬಂದಿರಲಿಲ್ಲ. ಲಸಿಕೆದಾರ ಮೊದಮೊದಲು ವಾದ ಮಾಡಿದ, ಆಮೇಲೆ ಬೇಸತ್ತು ಮುಂದೆ ನಿಂತವರ ಕುರಿಗಳಿಗೆ ಹಾಕುತ್ತ ಹೋದ. ಹನ್ನೊಂದಕ್ಕೆ ಪೆಟ್ಟಿಗೆ ಖಾಲಿಯಾಯಿತು.

ಆಗ ಒಬ್ಬ ಹೆಣ್ಣುಮಗಳು ಬಂದರು. ನಲವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ, ಹಿಂದೆ ಇಪ್ಪತ್ತೆರಡು ಕುರಿ. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು, ಹೊಲವಿಲ್ಲ, ಆ ಇಪ್ಪತ್ತೆರಡೇ ಅವರ ಆಸ್ತಿ ಎಂದು ಆಮೇಲೆ ತಿಳಿಯಿತು. ಹೆಸರು ಎಲ್ಲಿಗೂ ಹೋಗುವುದಿಲ್ಲ, ಬರೆಸಿದ್ದಾಗಿದೆಯಲ್ಲ ಎಂಬ ಧೈರ್ಯದಲ್ಲಿ ಕುರಿಗಳನ್ನು ಕೆರೆಯ ಕಡೆ ಒಂದು ಸುತ್ತು ಮೇಯಿಸಿ ನೀರು ಕುಡಿಸಿ ತಂದಿದ್ದರು.

"ಲಿಸ್ಟಿನಾಗ ನಿಮ್ಮ ಹೆಸರೇ ಇಲ್ಲಲ್ಲ ಯಕ್ಕಾ," ಎಂದ ಲಸಿಕೆದಾರ.

"ಹ್ಯಾಂಗ ಇಲ್ಲಪಾ? ನಮ್ಮ ಓಣ್ಯಾಗ ಮೊದಲ ನಾನೇ ಬರ್ಸೇನಿ. ಆ ಕಾರ್ಯಕರ್ತಿ ಬಾಯಿ ನಮ್ಮ ಕಟ್ಟಿ ಮ್ಯಾಲೇ ಕುಂತು ಬರಕೊಂಡಾಳ."

"ಯಾವ ನಂಬರ್ ಕೊಟ್ಟಿದ್ರಿ ಅಕ್ಕಾ?" ಎಂದು ಕೇಳಿದೆ.

"ಆಟೋದವನ್ದು ಕೊಟ್ಟೇನ್ರಿ. ನಮ್ಮ ಓಣಿ ಐದು ಮನಿದೂ ಅದೇ. ರೇಷನ್ನಿಗೂ ಅದೇ, ಹುಡುಗ್ಯಾರ ಸಾಲಿಗೂ ಅದೇ. ಅವನ ಫೋನ್ ಯಾವಾಗೂ ಹತ್ತತದ್ರಿ."

ಆಟೋದವನ ನಂಬರ್ ಕೇಳಿ ಹುಡುಕಿದೆ. ಸರ್ವರ್ 200 ಎಂದು ಉತ್ತರ ಕೊಟ್ಟಿತು, ಎಲ್ಲ ಸರಿಯಾಗಿದೆ ಎಂದು. ಆ ನಂಬರಿನಲ್ಲಿ ಇದ್ದದ್ದು ಒಂದೇ ಹೆಸರು, ಆಟೋದವನ ಅಣ್ಣನದು, ಮೂವತ್ತೆಂಟು ಕುರಿ. ಓಣಿಯಲ್ಲಿ ಎಲ್ಲರಿಗಿಂತ ಕೊನೆಗೆ ಬರೆಸಿದವನು ಅವನು. ಐದು ಮನೆಯ ಮಂದೆಗೆ ಬಂದ ಒಂದು ಬಾಟಲಿ ಆಗಲೇ ಮುಗಿದಿತ್ತು.

"ತಪ್ಪು ನಮ್ದು ಅಕ್ಕಾ. ಕಂಪ್ಯೂಟರಿನಾಗ ನಾವು ತಪ್ಪು ಮಾಡೇವಿ," ಎಂದೆ.

"ನಿಮ್ದ್ಯಾಕ ತಪ್ಪು ಅಕ್ಕೋರೆ? ಫೋನ್ ಇಲ್ಲದ್ದು ನಮ್ದು. ಮತ್ತ್ಯಾವಾಗ ಬರ್ತಾರ ಹೇಳ್ರಿ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿದೆ. ಹುಮನಾಬಾದಿನಲ್ಲಿ ದಾಸ್ತಾನು ಮುಗಿದಿತ್ತು, ಮುಂದಿನ ಪೆಟ್ಟಿಗೆ ಎಂಟು ದಿನಕ್ಕೆ ಎಂದರು. ಬೇರೆ ಊರಿನ ಪಾಲಿನದು ನಾಲ್ಕು ಬಾಟಲಿ ತಿರುಗಿಸಲು ಬರುತ್ತದೆಯೇ ಎಂದು ಕೇಳಿದೆ. ಆ ಊರಿನವರಿಗೆ ಏನು ಹೇಳಲಿ ಎಂದು ಕೇಳಿದರು. ಫೋನ್ ಇಟ್ಟೆ. ಹೊಸ ಹುಲ್ಲಿಗೆ ಬಿಡಬೇಡಿ, ಹೊರಗೆ ಬಿಡುವ ಮುಂಚೆ ಒಣ ಮೇವು ಹಾಕಿ ಎಂದು ಆ ಹೆಣ್ಣುಮಗಳಿಗೆ ಹೇಳಿದೆ. ಲಸಿಕೆದಾರ ಹೇಳಿದ್ದನ್ನೇ ನಾನು ಒಪ್ಪಿಸಿದ್ದು. "ಹಸರ ಕಂಡ ಕುರಿ ನಿಂದರ್ತಾವೇನ್ರಿ? ಒಣ ಮೇವು ಎಲ್ಲಿಂದ ತರ್ಲಿ?" ಎಂದು ಅವರು ಕುರಿಗಳನ್ನು ತಿರುಗಿಸಿಕೊಂಡು ಹೋದರು.

ಆಫೀಸಿಗೆ ಬಂದಾಗ ಅಣ್ಣ ಒಬ್ಬರೇ ಇದ್ದರು. ಆದದ್ದನ್ನೆಲ್ಲ ಹೇಳಿದೆ. ಅವರು ಹಮಾಲನ ಫೋಲ್ಡರ್ ತೆರೆದು, ಅರವತ್ತು ಸಾಲಿನ ಹಳೆಯ ಫೈಲಿನ ಪ್ರತಿಯೊಂದನ್ನು ಹೊರತೆಗೆದರು. ನಾನು ಅಳಿಸಿದ್ದು ನನ್ನ ಪ್ರತಿಯಲ್ಲಿ ಮಾತ್ರ. ಏಳನೆಯ ಸಾಲಿನಲ್ಲಿ ಆ ಹೆಣ್ಣುಮಗಳ ಹೆಸರಿತ್ತು, ಪಕ್ಕದಲ್ಲಿ ಇಪ್ಪತ್ತೆರಡು ಎಂದಿತ್ತು. ಅಂದರೆ ಸರ್ವರ್ ಅವರನ್ನು ಅಳಿಸುವ ಮೊದಲೇ ನಾನು ನನ್ನ ಕೈಯಾರೆ ಅಳಿಸಿದ್ದೆ. ಬಾತ್‌ರೂಮಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಮೂರು ದಿನ ಕೂತು ತಿದ್ದಿದೆವು. ಗುರುತನ್ನು ನಂಬರಿನ ಮೇಲಿಂದ ತೆಗೆದು ಹೆಸರು, ಓಣಿ, ನಂಬರ್ ಮೂರನ್ನೂ ಕೂಡಿಸಿ ಇಟ್ಟೆವು. ಒಂದು ನಂಬರಿನಿಂದ ಹುಡುಕಿದರೆ ಒಬ್ಬರಲ್ಲ, ಆ ನಂಬರಿನ ಎಲ್ಲರೂ ಬರಬೇಕು. ಅದಕ್ಕೆ ಆ್ಯಪಿನ ಎರಡು ಪರದೆ ಬದಲಾಗಬೇಕಾಯಿತು. ಪ್ರತಿ ಬದಲಾವಣೆಗೂ ಹಮಾಲನನ್ನು ಓಡಿಸಿದೆವು. ಮೊದಲ ದಿನ ಅರವತ್ತಕ್ಕೆ ಇಪ್ಪತ್ಮೂರು, ಎರಡನೆಯ ದಿನ ನಲವತ್ತೊಂದು. ಉಳಿದವು ಯಾಕೆ ಕೆಂಪು ಎಂದು ನೋಡಿದರೆ, ಒಂದೇ ಓಣಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದರು, ಗುರುತು ತಾಳೆಯಾಗುತ್ತಿರಲಿಲ್ಲ. ಓಣಿಗಳನ್ನು ಪಟ್ಟಿಯಿಂದ ಆರಿಸುವಂತೆ ಮಾಡಿದೆವು. ಮೂರನೆಯ ದಿನ ಸಂಜೆ ಅರವತ್ತಕ್ಕೆ ಅರವತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇಬ್ಬರಲ್ಲಿ ಒಬ್ಬರ ಮುಖದಲ್ಲೂ ಗೆಲುವಿರಲಿಲ್ಲ.

ಅಳಿಸಿ ಹೋದ ಹೆಸರುಗಳನ್ನು ಕಾಗದದ ಅರ್ಜಿ ನೋಡಿ ಮತ್ತೆ ಏರಿಸಿದೆವು. ಹೊಸ ಪಟ್ಟಿ ಹುಮನಾಬಾದಿಗೆ ಹೋಯಿತು. ಎಂಟನೆಯ ದಿನದ ಪೆಟ್ಟಿಗೆಗೆ ಸರಿಯಾದ ಲೆಕ್ಕವೂ ಹೋಯಿತು.

ಆರನೆಯ ದಿನ ಮಳೆ ಬಂತು. ರೋಹಿಣಿ ಇಷ್ಟು ಚೆನ್ನಾಗಿ ಹಿಡಿದು ಯಾವ ಕಾಲವಾಯಿತೋ ಎಂದು ಕೆಳಗಿನ ಟೈರ್ ಅಂಗಡಿಯವರು ಹೊರಗೆ ಬಂದು ಕೈಯೊಡ್ಡಿ ನಿಂತರು. ಇಡೀ ಬಸವಕಲ್ಯಾಣ ಖುಷಿಯಾಗಿತ್ತು. ನಾನು ಕಿಟಕಿ ಮುಚ್ಚಿದೆ. ಎಂಟನೆಯ ದಿನ ಲಸಿಕೆದಾರ ದುಬಲಗುಂಡಿಗೆ ಹೋಗಿ ಉಳಿದ ಎಲ್ಲ ಕುರಿಗಳಿಗೂ ಹಾಕಿ ಬಂದ. ಆದರೆ ಹುಲ್ಲು ಮೂರು ದಿನದಲ್ಲೇ ಎದ್ದಿತ್ತು, ಲಸಿಕೆ ಮೈಗೆ ಹತ್ತಲು ಸಮಯ ಬೇಕಿತ್ತು. ಆ ಓಣಿಯಲ್ಲಿ ಮೊದಲು ಹೋದದ್ದು ಆ ಹೆಣ್ಣುಮಗಳ ನಾಲ್ಕು ಮರಿ, ಒಂದೇ ಬೆಳಿಗ್ಗೆ. ಮುಂದಿನ ವಾರದೊಳಗೆ ಇನ್ನೂ ಐದು ಕುರಿ. ಉಳಿದ ಹದಿಮೂರೂ ಹೋದರೆ ಏನು ಗತಿ ಎಂದು ಹೆದರಿ, ಬಂದಷ್ಟಕ್ಕೆ ವ್ಯಾಪಾರಿಗೆ ಕೊಟ್ಟುಬಿಟ್ಟರಂತೆ. ಈಗ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾರೆ ಎಂದು ಕಾರ್ಯಕರ್ತೆ ಫೋನಿನಲ್ಲಿ ಹೇಳಿದಳು.

ನಾನು ಮಾಲೀಕರಿಗೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟೆ. ಮೂವತ್ತೇಳು ಕೆಂಪು ಸಾಲು ಬಂದಿದ್ದು, ನಾನು ಅಳಿಸಿದ್ದು, ಇನ್ನು ಮುಂದೆ ಹಮಾಲನನ್ನೇ ಬಳಸಬೇಕು, ಊರಿನಿಂದ ಬಂದ ಅರ್ಜಿಗಳಿಂದಲೇ ಟೆಸ್ಟ್ ಮಾಡಬೇಕು ಎಂದು. ಓದಿ ಮಡಚಿ ಡ್ರಾಯರಿನಲ್ಲಿಟ್ಟರು. "ಖರೆ ಅದ ಮೇಡಂ. ಆದ್ರ ಇದು ಹೊರಗ ಹೋಗೂದು ಬ್ಯಾಡ. ಒಳಗ ನೀವು ಹಮಾಲನ್ನ ಇಟ್ಕೊಳ್ರಿ, ಕಸ್ಟಮರ್‌ಗಿ ಸಾಹುಕಾರನ ವರದಿ ಕಳಸ್ರಿ," ಎಂದರು. ನನ್ನನ್ನು ಬೈಯಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಸಂಘದ ಕಾರ್ಯದರ್ಶಿಯ ಮೇಜಿನ ಮೇಲೆ ಆ ಸ್ಪೈರಲ್ ವರದಿ ಇನ್ನೂ ಇದೆ, ಕಮಿಟಿಯವರು ಬಂದಾಗ ತೋರಿಸುತ್ತಾರೆ. ಅದನ್ನು ನೋಡಿ ಇನ್ನೊಂದು ತಾಲೂಕಿನ ಸಂಘದವರೂ ತಮಗೂ ಅಂಥದ್ದೇ ಬೇಕು ಎಂದು ಕೇಳಿದ್ದಾರೆ.

ಎರಡನೆಯ ಸುತ್ತಿಗೆ ಮೊದಲು ಕುರಿಗಳ ಸಂಖ್ಯೆ ತಿದ್ದಿಕೊಂಡು ಬರಬೇಕಿತ್ತು. ಸತ್ತವು, ಮಾರಿದವು, ಹುಟ್ಟಿದವು. ಕಾರ್ಯಕರ್ತೆಯ ಜೊತೆ ನಾನೂ ದುಬಲಗುಂಡಿಗೆ ಹೋದೆ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಆ ಹೆಣ್ಣುಮಗಳು ಕೂಲಿಯಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದರು. ಕುರಿ ಕೂಡುತ್ತಿದ್ದ ಮುಳ್ಳಿನ ಹಟ್ಟಿಯಲ್ಲಿ ಒಲೆಗೆ ಕಟ್ಟಿಗೆ ಒಟ್ಟಿದ್ದರು. ನನಗೆ ನೀರು ಕೊಟ್ಟರು.

"ಕುರಿ ಎಷ್ಟು ಬರೀಲಿ ಅಕ್ಕಾ?" ಎಂದು ಕೇಳಲೇಬೇಕಾಯಿತು.

"ಎಲ್ಲಿ ಕುರಿ ಅಕ್ಕೋರೆ? ಏನೂ ಇಲ್ಲ. ಆದ್ರ ಹೆಸರು ತೆಗೀಬ್ಯಾಡ್ರಿ. ಮುಂದ ಯಾವಾಗರೆ ಎರಡು ಮರಿ ಕಟ್ಟಿದ್ರ ಮತ್ತ ಹೆಸರಿಲ್ಲ ಅಂತಾರ."

ಸೊನ್ನೆ ಹಾಕಿ ಒತ್ತಿದೆ. ಆ್ಯಪ್ ಕೆಂಪಕ್ಷರದಲ್ಲಿ ಹೇಳಿತು: ಕುರಿಗಳ ಸಂಖ್ಯೆ ಒಂದಕ್ಕಿಂತ ಕಡಿಮೆ ಇರುವಂತಿಲ್ಲ. ಸೊನ್ನೆ ಬಂದರೆ ವಾಪಸು ಎಸೆಯಬೇಕು ಎಂದು ನೂರ ಹದಿನೆಂಟರಲ್ಲಿ ನಾನೇ ಒಂದು ಟೆಸ್ಟ್ ಬರೆದಿದ್ದೆ. ಕುರಿ ಇಲ್ಲದವರು ಯಾಕೆ ನೋಂದಾಯಿಸುತ್ತಾರೆ ಎಂದು ಆಗ ಅನ್ನಿಸಿತ್ತು.

"ಏನಂತದ್ರಿ?"

"ಸೊನ್ನಿ ತಗೊಳ್ಳವಲ್ದು ಅಕ್ಕಾ. ಒಂದರೆ ಇರಬೇಕು ಅಂತದ."

"ಹಂಗಾರ ಒಂದು ಅಂತ ಬರೀರಿ," ಎಂದರು. "ಯಾರು ಬಂದು ನೋಡ್ತಾರ?"

ಒಂದು ಎಂದು ಬರೆದೆ. ತಕ್ಷಣ ಹಸಿರು ಬಂತು. ಎರಡನೆಯ ಸುತ್ತಿನ ದಿನ ಹುಮನಾಬಾದಿನಿಂದ ಹೊರಟ ಪೆಟ್ಟಿಗೆಯಲ್ಲಿ ಆ ಒಂದು ಕುರಿಗೂ ಲಸಿಕೆ ಲೆಕ್ಕ ಹಾಕಿ ಇಟ್ಟಿದ್ದರು.